ಕೋವಿಯ ತಿರುಪು ಬಿಚ್ಚುವ ಮುನ್ನ



ರಾಗಿ, ಹುರುಳಿ, ಟೊಮೇಟೊ, ರೇಷ್ಮೆ ಎಂದು ಬರೆಯಬೇಕಾದ ಈ ಪುಟದಲ್ಲಿ ಕೋವಿಯ ವಿಚಾರವೇಕೆ ಎಂದು ಕೆಲವರು ಕೇಳಬಹುದು. ಅದೂ ಮಕ್ಕಳಿಗೆ ಅಕ್ಷರ ಕಲಿಸುವ ಮೇಷ್ಟರು ಈ ಮಾತು ತೆಗೆಯುವುದು ಸರಿಯೇ ಎಂದೂ ಕೇಳಬಹುದು. ಕಾರಣವಿದೆ. ನಮ್ಮ ಉದ್ದನಪಲ್ಲಿಯ ಸುತ್ತಿನ ಹಳ್ಳಿಗಳಲ್ಲಿ ಅಜ್ಜನ ಕಾಲದ ಕೋವಿಯೊಂದು ಅಟ್ಟದ ಮೇಲೆ ಗೋಣಿತಾಟು ಸುತ್ತಿಕೊಂಡು ಮಲಗಿರುವ ಮನೆಗಳು ಇನ್ನೂ ಇವೆ. ಅದನ್ನು ಇಳಿಸಿದವರು ಯಾರೂ ಮೊದಲು ಯೋಚನೆ ಮಾಡುವುದಿಲ್ಲ. ಮೊದಲು ಸುತ್ತಿಗೆ ಹುಡುಕುತ್ತಾರೆ. ಆ ಸುತ್ತಿಗೆಯ ಮೇಲೆಯೇ ನನ್ನ ತಕರಾರು.

ನಮ್ಮದು ಮೂರು ಮಾತಿನ ಸೀಮೆ. ಒಂದೇ ಬೀದಿಯಲ್ಲಿ ಕನ್ನಡದವರು ಕೋವಿ ಎನ್ನುತ್ತಾರೆ, ತೆಲುಗಿನವರು ತುಪಾಕಿ ಎನ್ನುತ್ತಾರೆ, ತಮಿಳಿನವರು ತುಪ್ಪಾಕ್ಕಿ ಎನ್ನುತ್ತಾರೆ. ಹೆಸರು ಯಾವುದಾದರೂ ಅದು ನಮ್ಮ ಹೊಲಗಳಿಗೆ ಬಂದದ್ದು ಬೆಳೆ ಕಾಯುವ ಸಲುವಾಗಿ. ಹೊಸೂರಿನಿಂದ ರಾಯಕೋಟೆಗೆ ಹೋಗುವ ರಸ್ತೆಯಲ್ಲಿ ಸಾನಮಾವು ಕಾಡು ಇದೆಯಷ್ಟೆ. ಪ್ರತಿ ವರ್ಷ ರಾಗಿ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಜವಳಗಿರಿ, ಡೆಂಕಣಿಕೋಟೆಯ ಕಾಡುಗಳ ಮೂಲಕ ಆನೆಗಳು ಅಲ್ಲಿಗೆ ಬರುತ್ತವೆ. ಅವುಗಳಿಗಿಂತ ಮುಂಚೆಯೇ ಕಾಡುಹಂದಿ ಬಂದಿರುತ್ತದೆ. ಹಿಂದಿನವರು ಹೊಲದ ನಡುವೆ ಅಟ್ಟಣೆ ಕಟ್ಟಿ, ಬೆಂಕಿ ಹಾಕಿ, ತಮಟೆ ಬಡಿದು, ಕಡೆಗೆ ಒಂದು ಕೇಪಿನ ಕೋವಿಯ ಸದ್ದು ಮಾಡಿ ರಾತ್ರಿ ಕಳೆಯುತ್ತಿದ್ದರು. ಈಗಿನವರಿಗೆ ಟಾರ್ಚು, ಪಟಾಕಿ, ಅರಣ್ಯ ಇಲಾಖೆಯ ಕಾವಲಿನವರು ಇದ್ದಾರೆ. ಕೋವಿ ಅಟ್ಟ ಸೇರಿತು. ಆದರೆ ಅಟ್ಟ ಸೇರಿದ ಕೋವಿ ಸತ್ತ ಕೋವಿಯಲ್ಲ. ಇದನ್ನೇ ಹೇಳಲು ಕುಳಿತಿದ್ದೇನೆ. ಹೇಳುವ ಮುಂಚೆ ನಾನು ಮಾಡಿದ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ನಾನು ಸೀಳಿದ ಮರ

ಕಾಲೇಜಿನಲ್ಲಿದ್ದಾಗ ನಾನು ಎನ್.ಸಿ.ಸಿ. ಸೇರಿದ್ದೆ. ಹತ್ತು ದಿನದ ಶಿಬಿರ. ಕವಾಯತಿಗೆ ನಮ್ಮ ಕೈಗೆ ಕೊಟ್ಟದ್ದು ಸೇನೆಯಲ್ಲಿ ದುಡಿದು ಹಳತಾದ .303 ರೈಫಲುಗಳು. ಗುಂಡು ಹಾರದಂತೆ ಮಾಡಿ, ಡ್ರಿಲ್ಲಿಗೆ ಮಾತ್ರವೆಂದು ಡಿ.ಪಿ. ಎಂಬ ಅಕ್ಷರ ಒತ್ತಿದವು. ಓದುಗರಲ್ಲಿ ಹಳೆಯ ಪೊಲೀಸರ ಭುಜದ ಮೇಲೆ ಈ ರೈಫಲನ್ನು ನೋಡದವರು ಕಡಿಮೆ. ಜೇಮ್ಸ್ ಪ್ಯಾರಿಸ್ ಲೀ ಎಂಬಾತ ಕಲ್ಪಿಸಿದ ಬೋಲ್ಟು, ಇಂಗ್ಲೆಂಡಿನ ಎನ್‌ಫೀಲ್ಡ್ ಕಾರ್ಖಾನೆಯ ನಳಿಗೆ. ಎರಡೂ ಸೇರಿ ಲೀ-ಎನ್‌ಫೀಲ್ಡ್ ಎಂಬ ಹೆಸರು ಬಂತು. ನಮ್ಮ ಕೈಗೆ ಬಂದ ಮಾದರಿ 1907ರದು. ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿಯೂ ಇದನ್ನು ಬಹುಕಾಲ ಮಾಡಿದರು. ಎರಡು ಮಹಾಯುದ್ಧ ಕಂಡ ಈ ರೈಫಲು ಎಷ್ಟು ಗಟ್ಟಿಯೆಂದರೆ, ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯ ದಿನದ ಪೆರೇಡಿನಲ್ಲಿ.

ಶಿಬಿರದಲ್ಲಿ ಒಂದು ಪಾಠವಿತ್ತು. ಹಿಂದಿಯಲ್ಲಿ ಅದರ ಹೆಸರು 'ಖೋಲ್ನಾ ಜೋಡ್ನಾ', ಅಂದರೆ ಬಿಚ್ಚುವುದು, ಕೂಡಿಸುವುದು. ಕಲಿಸುವ ಹವಾಲ್ದಾರರು ಬೋಲ್ಟು ತೆಗೆಯುವುದು, ಮ್ಯಾಗಜೀನು ತೆಗೆಯುವುದು, ನಳಿಗೆಯೊಳಗೆ ಹಗ್ಗದಿಂದ ಚಿಂದಿಬಟ್ಟೆ ಎಳೆದು ಒರಸುವುದು, ಎಣ್ಣೆ ಸವರುವುದು ಇಷ್ಟನ್ನು ಮಾತ್ರ ಹೇಳಿಕೊಟ್ಟು, "ಇದರಿಂದಾಚೆಗೆ ಒಂದು ತಿರುಪನ್ನೂ ಮುಟ್ಟಕೂಡದು" ಎಂದು ಆಜ್ಞೆ ಮಾಡಿದ್ದರು. ಸಿಪಾಯಿಯ ಕೆಲಸ ಅಲ್ಲಿಗೆ ಮುಗಿಯಿತು. ಉಳಿದದ್ದು ಆರ್ಮರರ್ ಎನ್ನುವ ಶಸ್ತ್ರಗಳ ಮೇಸ್ತ್ರಿಯ ಕೆಲಸ.

ನನ್ನ ಪಾಲಿಗೆ ಬಂದ ರೈಫಲಿನಲ್ಲಿ, ಭುಜಕ್ಕೆ ಒತ್ತಿ ಹಿಡಿಯುವ ಹಿಂದಿನ ಮರ ಸಡಿಲವಾಗಿತ್ತು. ನೆಲಕ್ಕೆ ಊರಿದಾಗಲೆಲ್ಲ ಕಟಕಟ ಎನ್ನುತ್ತಿತ್ತು. ಸಾಲಿನಲ್ಲಿ ಆ ಸದ್ದು ಕೇಳಿ ಪಕ್ಕದವರು ನಗುವುದು, ನನಗೆ ಅವಮಾನ. ರೈತನ ಮಗನಾದ ನನಗೆ ತಿರುಪು ಬಿಚ್ಚುವುದು ಯಾವ ಲೆಕ್ಕ ಎಂದುಕೊಂಡೆ. ಮನೆಯಲ್ಲಿ ಐದು ಕುದುರೆ ಶಕ್ತಿಯ ಪಂಪು ಬಿಚ್ಚಿದ ಕೈ ಇದು! ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ, ಹಿಂದಿನ ಮರದ ಹಿತ್ತಾಳೆಯ ಮುಚ್ಚಳ ತೆರೆದೆ. ಒಳಗಿದ್ದ ಎಣ್ಣೆಯ ಬುಡ್ಡಿ, ಹಗ್ಗ ತೆಗೆದಿಟ್ಟೆ. ತೂತಿನ ಆಳದಲ್ಲಿ ಒಂದು ದೊಡ್ಡ ತಿರುಪಿನ ತಲೆ ಕಂಡಿತು. ಉದ್ದನೆಯ ಸ್ಕ್ರೂಡ್ರೈವರ್ ಇಳಿಸಿ ತಿರುಗಿಸಿದೆ. ಅದು ಅಲುಗಲಿಲ್ಲ. ಸ್ಕ್ರೂಡ್ರೈವರಿಗೆ ಸ್ಪ್ಯಾನರ್ ಹಚ್ಚಿ ಮೈಭಾರ ಹಾಕಿದೆ. ತಿರುಪು ಕಾಲು ಸುತ್ತು ತಿರುಗಿತು. ತಿರುಗಿದ ಕೂಡಲೆ 'ಚಟ್' ಎಂದಿತು.

ಸದ್ದು ಬಂದದ್ದು ಹಿಂದಿನ ಮರದಿಂದಲ್ಲ. ನಾನು ಮುಟ್ಟದೆ ಇದ್ದ ಮುಂದಿನ ಮರದಿಂದ! ನಳಿಗೆಯ ಕೆಳಗೆ ಚಾಚಿರುವ ಮುಂಮರ, ಹಿಂದಿನ ತುದಿಯಲ್ಲಿ ಬೆರಳುದ್ದ ಸೀಳಿ ಬಾಯಿಬಿಟ್ಟಿತ್ತು.

ಸೀಳಿದ್ದೇಕೆ?

ಹವಾಲ್ದಾರರು ಬಂದು ನೋಡಿದರು. ಕೂಗಾಡುತ್ತಾರೆ ಎಂದು ನಾನು ತಲೆ ತಗ್ಗಿಸಿ ನಿಂತಿದ್ದೆ. ಅವರು ಕೂಗಲಿಲ್ಲ. "ಏನಪ್ಪಾ, ಇದು ಯಾಕೆ ಒಡೆಯಿತು ಹೇಳು ನೋಡೋಣ" ಎಂದರು. ನಾನು, "ಮರ ಹಳೆಯದು ಸಾರ್" ಎಂದೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ! ಅವರು ಮಾತಾಡದೆ ಒಂದು ಕಂಬಳಿ ಹಾಸಿ, ಆರ್ಮರರ್‌ನನ್ನು ಕರೆಸಿ, ಆ ರೈಫಲನ್ನು ನನ್ನ ಎದುರಿಗೇ ಕ್ರಮವಾಗಿ ಬಿಚ್ಚಿಸಿದರು. ಅಂದು ನೋಡಿದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಆ ದೊಡ್ಡ ತಿರುಪು ಹಿಂದಿನ ಮರವನ್ನು ಕಬ್ಬಿಣದ ಒಡಲಿಗೆ ಬಿಗಿಯುತ್ತದೆ, ನಿಜ. ಆದರೆ ಅದು ಅಲ್ಲಿಗೆ ನಿಲ್ಲುವುದಿಲ್ಲ. ಅದರ ತುದಿಯನ್ನು ಚೌಕವಾಗಿ ಮಾಡಿರುತ್ತಾರೆ. ಆ ಚೌಕ ತುದಿ ಒಡಲನ್ನು ದಾಟಿ ಮುಂದೆ ಇಣುಕಿ, ಮುಂಮರದ ಹಿಂಬದಿಯಲ್ಲಿ ಕೂರಿಸಿದ ಒಂದು ಚಿಕ್ಕ ಲೋಹದ ಪಟ್ಟಿಯ ಸೀಳಿನೊಳಗೆ ಕುಳಿತಿರುತ್ತದೆ. ಗುಂಡು ಹಾರಿದಾಗಿನ ಒದೆತಕ್ಕೆ ತಿರುಪು ತಾನಾಗಿ ಸಡಿಲಗೊಳ್ಳಬಾರದಲ್ಲವೆ? ಅದಕ್ಕೆ ಆ ಪಟ್ಟಿಯ ಹಿಡಿತ. ಹೀಗಿರಲು, ಮುಂಮರವನ್ನು ಮೊದಲು ತೆಗೆಯದೆ ಹಿಂದಿನ ತಿರುಪನ್ನು ತಿರುಗಿಸಿದರೆ, ಚೌಕ ತುದಿ ಪಟ್ಟಿಯನ್ನು ತಿರುಚುತ್ತದೆ, ಪಟ್ಟಿ ಮರವನ್ನು ಸೀಳುತ್ತದೆ. ಹಿಂದೆ ಬಿಗಿಯಾಗಿದ್ದ ತಿರುಪು ಹಟ ಮಾಡುತ್ತಿರಲಿಲ್ಲ. "ನನ್ನ ಸರದಿ ಇನ್ನೂ ಬಂದಿಲ್ಲ" ಎಂದು ಹೇಳುತ್ತಿತ್ತು. ಕೇಳುವ ಕಿವಿ ನನಗಿರಲಿಲ್ಲ.

ಸರಿಯಾದ ಕ್ರಮ ಹೀಗೆ. ಮೊದಲು ಮ್ಯಾಗಜೀನು ತೆಗೆದು, ಬೋಲ್ಟು ಹಿಂದಕ್ಕೆಳೆದು, ನಳಿಗೆಯ ಗೂಡು ಬರಿದಾಗಿದೆಯೇ ಎಂದು ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ ನೋಡಬೇಕು. ಆಮೇಲೆ ಬೋಲ್ಟಿನ ತಲೆಯನ್ನು ಮೇಲಕ್ಕೆ ತಿರುಗಿಸಿ ಬೋಲ್ಟನ್ನು ಹೊರಗೆ ತೆಗೆಯಬೇಕು. ಬೋಲ್ಟಿನ ಹಿಡಿಯ ಮೇಲೆ ಒಂದು ಸಂಖ್ಯೆ, ರೈಫಲಿನ ಒಡಲ ಮೇಲೆ ಅದೇ ಸಂಖ್ಯೆ. ಒಂದರ ಬೋಲ್ಟು ಇನ್ನೊಂದಕ್ಕೆ ಹಾಕಕೂಡದು. ಅನಂತರ ಮೂತಿಯ ಬಳಿಯ ಲೋಹದ ಟೊಪ್ಪಿಗೆಯ ತಿರುಪುಗಳು, ಪಟ್ಟಿಯ ತಿರುಪುಗಳು, ನಳಿಗೆಯ ಮೇಲಿನ ಮರದ ಹೊದಿಕೆಗಳು, ಕುದುರೆಯ ಕಾಪಿನ ತಿರುಪುಗಳು. ಇವೆಲ್ಲ ಆದ ಮೇಲೆ ಮುಂಮರವನ್ನು ನೇರವಾಗಿ ಕೆಳಕ್ಕೆ ಇಳಿಸಿ ತೆಗೆಯಬೇಕು. ಆಗ ಆ ದೊಡ್ಡ ತಿರುಪಿನ ಚೌಕ ತುದಿ ಬಯಲಿಗೆ ಬರುತ್ತದೆ. ಕಟ್ಟಕಡೆಗೆ ಅದರ ಸರದಿ. ಆಗ ತಿರುಗಿಸಿದರೆ ಏನನ್ನೂ ಸೀಳದೆ ಬಿಚ್ಚುತ್ತದೆ.

ಇನ್ನೊಂದನ್ನೂ ಅಂದು ತೋರಿಸಿದರು. ಇಷಾಪುರದಲ್ಲಿ ಮಾಡಿದ ಕೆಲವು ರೈಫಲುಗಳ ಮುಂಮರದಲ್ಲಿ ಒಂದು ಅಡ್ಡ ತಿರುಪು ಇರುತ್ತದೆ. ನಮ್ಮ ದೇಶದ ಬಿಸಿಲು ಮಳೆಗೆ ಮರ ಸೀಳದಿರಲೆಂದು ಕಾರ್ಖಾನೆಯವರೇ ಹಾಕಿದ ಬಂದೋಬಸ್ತು ಅದು. ಮರ ಸೀಳುವುದು ಮಾಡಿದವರಿಗೂ ತಿಳಿದಿತ್ತು, ಬಿಚ್ಚುವವನಿಗೆ ತಿಳಿದಿರಲಿಲ್ಲ!

ಹಟಮಾರಿ ತಿರುಪಿಗೆ ಮದ್ದು

ಈಗ ಕ್ರಮ ಗೊತ್ತಿದ್ದರೂ ತಿರುಪು ಬಾರದಿದ್ದರೆ? ಹಳೆಯ ವಸ್ತುಗಳಲ್ಲಿ ಇದು ಸಾಮಾನ್ಯ. ಸೇನೆಯಿಂದ ಬಂದ ವಸ್ತುಗಳಿಗೆ ತುಕ್ಕು ಹಿಡಿಯದಂತೆ ಬಳಿದ ಗ್ರೀಸು ವರ್ಷಗಟ್ಟಲೆ ನಿಂತು ಅಂಟಿನಂತಾಗುತ್ತದೆ. ಮರಕ್ಕೆ ಸವರಿದ ಅಗಸೆ ಎಣ್ಣೆ ಕಬ್ಬಿಣಕ್ಕೂ ಇಳಿದು ಗಟ್ಟಿಯಾಗುತ್ತದೆ. ಅದರ ಮೇಲೆ ತುಕ್ಕು ಬೇರೆ. ಆರ್ಮರರ್ ಹೇಳಿದ್ದನ್ನು, ಆಮೇಲೆ ನಾನು ಪಂಪು, ಔಷಧಿ ಸಿಂಪಡಿಸುವ ಯಂತ್ರ, ಬಾವಿಯ ಗಾಲಿ, ಸೈಕಲುಗಳ ಮೇಲೆ ಪ್ರಯೋಗಿಸಿ ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ. ರೈತನಿಗೆ ಇದು ಕೋವಿಗಿಂತ ಹೆಚ್ಚಾಗಿ ಪಂಪಿಗೆ ಬೇಕಾಗುವ ವಿದ್ಯೆ.

ಒಂದು: ಸ್ಕ್ರೂಡ್ರೈವರಿನ ಬಾಯಿ ತಿರುಪಿನ ಸೀಳಿಗೆ ಸರಿಯಾಗಿ ಕೂರಬೇಕು. ಅಗಲ ಸೀಳಿಗೆ ಅಗಲ ಬಾಯಿ, ದಪ್ಪ ಸೀಳಿಗೆ ದಪ್ಪ ಬಾಯಿ. ಮನೆಯಲ್ಲಿರುವ ಒಂದೇ ಸ್ಕ್ರೂಡ್ರೈವರಿನಿಂದ ಎಲ್ಲವನ್ನೂ ಬಿಚ್ಚುವ ಅಭ್ಯಾಸವೇ ತಿರುಪಿನ ತಲೆ ಸವೆಯಲು ಮೂಲ. ತಲೆ ಸವೆದ ಮೇಲೆ ದೇವರೇ ಬಂದರೂ ಬಿಚ್ಚಲಾರ. ಸೀಳಿನಲ್ಲಿ ತುಂಬಿದ ಕೊಳೆಯನ್ನು ಸೂಜಿಯಿಂದ ಕೆರೆದು ತೆಗೆದು ಆಮೇಲೆ ಬಾಯಿ ಕೂರಿಸಬೇಕು.

ಎರಡು: ಎಣ್ಣೆ ಹಾಕಿ ಕಾಯಬೇಕು. ಸೀಮೆಎಣ್ಣೆಗೆ ತೆಳು ಯಂತ್ರದ ಎಣ್ಣೆ ಬೆರೆಸಿ ಒಂದೆರಡು ಹನಿ ಬಿಟ್ಟು ಒಂದು ರಾತ್ರಿ ಬಿಡಬೇಕು. ಬೆಳಗ್ಗೆ ಬಾರದಿದ್ದರೆ ಮತ್ತೆರಡು ಹನಿ, ಮತ್ತೊಂದು ರಾತ್ರಿ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಗೆ ತಿರುಪಿಗಿಂತ ದೊಡ್ಡ ಸಾಕ್ಷಿ ಬೇಡ. ಆದರೆ ಎಣ್ಣೆ ಮರಕ್ಕೆ ಇಳಿಯದಂತೆ ನೋಡಿಕೊಳ್ಳಬೇಕು. ಎಣ್ಣೆ ಕುಡಿದ ಮರ ಮೆದುವಾಗುತ್ತದೆ.

ಮೂರು: ಬಿಚ್ಚುವ ಮುನ್ನ ಕೂದಲೆಳೆಯಷ್ಟು ಬಿಗಿಮಾಡಿ ನೋಡಬೇಕು. ಎಷ್ಟೋ ವೇಳೆ ಹಾಗೆ ಬಿಗಿಮಾಡಿದಾಗಲೇ ತುಕ್ಕಿನ ಹಿಡಿತ ತಪ್ಪುತ್ತದೆ. ಆಮೇಲೆ ಹಿಂದಕ್ಕೆ ತಿರುಗಿಸಿದರೆ ಬರುತ್ತದೆ.

ನಾಲ್ಕು: ಮರವನ್ನು ಎಂದೂ ಮೀಟಕೂಡದು. ಆ ರೈಫಲಿನ ಮುಂಮರ ಹಿಂದಿನ ತುದಿಯಲ್ಲಿ ಬಿಗಿಯಾಗಿ ಕುಳಿತಿರುತ್ತದೆ. ಮೂತಿಯ ಕಡೆ ಹಿಡಿದು ಎಳೆದರೆ ಹಿಂದೆ ಮುರಿಯುತ್ತದೆ. ಮರದ ಸುತ್ತಿಗೆಯಿಂದ ಎರಡೂ ಪಕ್ಕ ಮೆಲ್ಲನೆ ತಟ್ಟುತ್ತ ನೇರವಾಗಿ ಇಳಿಸಬೇಕು.

ಐದು: ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಎಡದಿಂದ ಬಲಕ್ಕೆ ಸಾಲಾಗಿ ಇಡಬೇಕು. ಕೂಡಿಸುವಾಗ ಬಲದಿಂದ ಎಡಕ್ಕೆ ಬರಬೇಕು. ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಈಗ ಎಲ್ಲರ ಜೇಬಿನಲ್ಲಿಯೂ ಕ್ಯಾಮೆರಾ ಇದೆ. ಪ್ರತಿ ಹಂತಕ್ಕೆ ಒಂದು ಚಿತ್ರ ತೆಗೆದುಕೊಂಡರೆ ಮೇಸ್ತ್ರಿಯೇ ಪಕ್ಕದಲ್ಲಿ ಕುಳಿತಂತೆ.

ಮುಂದೆ ನಾನು ಶಿಕ್ಷಕರ ತರಬೇತಿಗೆ ಸೇರಿದಾಗ ಬೋಧನೆಯ ಸೂತ್ರಗಳನ್ನು ಬಾಯಿಪಾಠ ಮಾಡಿಸಿದರು: ತಿಳಿದುದರಿಂದ ತಿಳಿಯದುದಕ್ಕೆ, ಸುಲಭದಿಂದ ಕಠಿಣಕ್ಕೆ, ಪೂರ್ಣದಿಂದ ಭಾಗಕ್ಕೆ. ಉಳಿದವರು ಪರೀಕ್ಷೆಗೆ ಕಲಿತರು. ನನಗೆ ಪ್ರತಿ ಸೂತ್ರಕ್ಕೂ ಆ ಕಂಬಳಿಯ ಮೇಲೆ ಹರಡಿದ ರೈಫಲು ನೆನಪಾಗುತ್ತಿತ್ತು. ಪೂರ್ಣವನ್ನು ನೋಡದೆ ಭಾಗಕ್ಕೆ ಕೈಹಾಕಿದ್ದಕ್ಕೇ ಅಲ್ಲವೆ ನಾನು ಮರ ಸೀಳಿದ್ದು?

ಅಟ್ಟದ ಮೇಲಿನ ಕೋವಿ

ಇನ್ನು ನಮ್ಮ ಮನೆಯ ಕತೆ. ಡ್ರಿಲ್ಲಿನ ರೈಫಲಿನಲ್ಲಿ ಹೋದದ್ದು ಮರ. ಇಲ್ಲಿ ಹೋಗಬಹುದಾಗಿದ್ದದ್ದು ಜೀವ.

ನಮ್ಮ ಅಜ್ಜನಿಗೆ ಬೆಳೆ ಕಾಯಲು ಪರವಾನಗಿಯ ಕೇಪಿನ ಕೋವಿಯೊಂದಿತ್ತು. ಮೂತಿಯಿಂದ ಮದ್ದು, ಚಿಂದಿ, ಚರೆ ಗಿಡಿದು, ಹಿಂದೆ ಮೊಲೆಯಂಥ ತುದಿಗೆ ಕೇಪು ಇಟ್ಟು ಹೊಡೆಯುವ ಹಳೆಯ ಜಾತಿ. ಅಜ್ಜನ ಅನಂತರ ಅಪ್ಪನ ಹೆಸರಿಗೆ ಪರವಾನಗಿಯಾಯಿತು. ಅಪ್ಪ ತೀರಿಹೋದ ಮೇಲೆ ಕೋವಿ ಅಟ್ಟದಲ್ಲೇ ಉಳಿಯಿತು. ಇದು ನನ್ನ ಎರಡನೆಯ ತಪ್ಪು. ಪರವಾನಗಿ ಇದ್ದವನು ಸತ್ತ ಮೇಲೆ ಆ ಕೋವಿ ಮನೆಯಲ್ಲಿರಲು ಅಧಿಕಾರವಿಲ್ಲ. 1959ರ ಶಸ್ತ್ರ ಕಾಯ್ದೆಯ 21ನೆಯ ಕಲಮಿನಂತೆ ಅದನ್ನು ತಡಮಾಡದೆ ಪೊಲೀಸ್ ಠಾಣೆಗಾಗಲಿ ಪರವಾನಗಿ ಪಡೆದ ವ್ಯಾಪಾರಿಗಾಗಲಿ ಒಪ್ಪಿಸಿ, ವಾರಸುದಾರರು ಬೇಕಾದರೆ ಅರ್ಜಿ ಹಾಕಿಕೊಳ್ಳಬೇಕು. ತಿಥಿ, ಪಾಲು, ಪಹಣಿ ಎಂದು ಓಡಾಡುವುದರಲ್ಲಿ ನಾನು ಇದನ್ನು ಮರೆತೆ. ಓದು ಬಲ್ಲ ಮೇಷ್ಟರೇ ಮರೆತರೆ ಉಳಿದವರ ಮಾತೇನು?

ಆ ವರ್ಷ ಹಂದಿಯ ಕಾಟ ವಿಪರೀತವಾಗಿತ್ತು. ಅಣ್ಣನ ಮಗ ಅಟ್ಟ ಹತ್ತಿ ಕೋವಿ ಇಳಿಸಿದ. ಹೊಡೆಯುವ ಕುದುರೆ ಅಲುಗುವುದಿಲ್ಲ, ಹಿಂದಿನ ಬಿರಡೆ ತುಕ್ಕಿನಲ್ಲಿ ಕಚ್ಚಿಕೊಂಡಿದೆ. "ಚಿಕ್ಕಪ್ಪ, ಕುಲುಮೆಗೆ ಕೊಟ್ಟು ಕಾಯಿಸಿ ಬಿಚ್ಚಿಸಿಕೊಂಡು ಬರ್ತೀನಿ. ಆಚಾರಿ ಆಗ್ಲೇ ಒಪ್ಪಿದ್ದಾರೆ" ಎಂದ. ಕೋವಿಯನ್ನು ಹೆಗಲಿಗೇರಿಸಿಯೂ ಆಗಿತ್ತು.

ನನಗೆ ಆ 'ಚಟ್' ನೆನಪಾಯಿತು. "ನಿಲ್ಲಪ್ಪಾ, ಮೊದಲು ಇಲ್ಲಿಡು" ಎಂದೆ. ಮೂತಿಯನ್ನು ಮನೆಯವರಿಂದ ಆಚೆಗೆ, ಬಯಲ ದಿಕ್ಕಿಗೆ ತಿರುಗಿಸಿ ಮಲಗಿಸಿದೆವು. ಪಕ್ಕಕ್ಕೆ ನಿಂತು, ನಳಿಗೆಯೊಳಕ್ಕೆ ಮದ್ದು ಗಿಡಿಯುವ ಗಜವನ್ನು ಮೆಲ್ಲಗೆ ಬಿಟ್ಟು, ಮೂತಿಯ ಬಳಿ ಅದರ ಮೇಲೆ ಗುರುತು ಮಾಡಿ, ಹೊರಗೆ ತೆಗೆದು ನಳಿಗೆಯ ಪಕ್ಕಕ್ಕೆ ಹಿಡಿದು ಅಳೆದೆ. ಬರಿದಾದ ಕೋವಿಯಾದರೆ ಗಜ ಕೇಪಿನ ತುದಿ ಇರುವ ಜಾಗದವರೆಗೂ ಹೋಗಬೇಕು. ನಮ್ಮದು ನಾಲ್ಕು ಬೆರಳು ಮೊದಲೇ ನಿಂತಿತ್ತು.

ಒಳಗೆ ಗುಂಡಿನ ಮದ್ದು ಇತ್ತು. ಅಪ್ಪ ಯಾವ ರಾತ್ರಿ ಹಂದಿಗೆಂದು ಗಿಡಿದು, ಹಂದಿ ಬಾರದೆ ಹಾಗೆಯೇ ಅಟ್ಟಕ್ಕಿಟ್ಟರೋ! ಕರಿಮದ್ದು ಒಣಗಿದ್ದರೆ ವರ್ಷ ಎಷ್ಟಾದರೂ ಕೆಡುವುದಿಲ್ಲ. ಬೆಂಕಿ ತಗುಲಿದರೆ ನಿನ್ನೆ ಗಿಡಿದದ್ದರಂತೆಯೇ ಹಾರುತ್ತದೆ. ಅಂಥದ್ದನ್ನು ಕುಲುಮೆಯ ಕೆಂಡದಲ್ಲಿಟ್ಟು ತಿದಿ ಒತ್ತಿದ್ದರೆ? ತಿದಿಯ ಬಳಿ ಅಣ್ಣನ ಮಗ ಕುಳಿತಿರುತ್ತಿದ್ದ, ಎದುರಿಗೆ ಆಚಾರಿ. ಹುಡುಗ ಮಾತಿಲ್ಲದೆ ಜಗಲಿಯ ಮೇಲೆ ಕುಳಿತುಬಿಟ್ಟ. ನನಗೂ ಆ ರಾತ್ರಿ ಊಟ ಸೇರಲಿಲ್ಲ.

ಅಂದೇ ಠಾಣೆಗೆ ತಿಳಿಸಿದೆವು. ತಡಮಾಡಿದ್ದಕ್ಕೆ ಮಾತು ಕೇಳಬೇಕಾಯಿತು, ಕೇಳತಕ್ಕದ್ದೇ. ತಿಳಿದವರು ಬಂದು ಕೋವಿಯನ್ನು ಒಯ್ದು ಒಳಗಿನದನ್ನು ತೆಗೆದರು. ಮದ್ದು ಒಣಗಿಯೇ ಇತ್ತೆಂದು ಆಮೇಲೆ ತಿಳಿಯಿತು.

ಕೋವಿಯನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಬಹುದಿತ್ತು. ಮೂತಿಯಿಂದ ಗಿಡಿಯುವ ಕೋವಿಗೆ, ನಿಜವಾಗಿ ಬೆಳೆ ಕಾಯಲೆಂದು, ಪರವಾನಗಿ ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ. ಅಮ್ಮನಿಗೆ ಅದೇ ಆಸೆ. "ನಿಮ್ಮಜ್ಜ ಕೈಯಲ್ಲಿ ಹಿಡಿದದ್ದು, ಆಯುಧಪೂಜೆಗೆ ಅದಿಲ್ಲದಿದ್ದರೆ ಹೇಗಪ್ಪಾ" ಎಂದರು. ನಾನು ಯೋಚಿಸಿದೆ. ಆನೆಗೆ ಹೊಡೆಯುವಂತಿಲ್ಲ, 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಮೊದಲ ಪಟ್ಟಿಯ ಪ್ರಾಣಿ, ಹೊಡೆಯತಕ್ಕದ್ದೂ ಅಲ್ಲ. ಹಂದಿಯನ್ನು ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೊಡೆಯುವಂತಿಲ್ಲ. ಉಳಿದದ್ದು ಸದ್ದು, ಅದನ್ನು ಪಟಾಕಿ ಮಾಡುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ಒರಸಿ, ಬೀಗ ಹಾಕಿ, ಲೆಕ್ಕ ಇಟ್ಟು ಕಾಪಾಡುವ ಶ್ರದ್ಧೆ ನನ್ನ ಅನಂತರದವರಿಗೆ ಇರುತ್ತದೆಂದು ಯಾವ ಭರವಸೆ? ನಾನು ಅರ್ಜಿ ಹಾಕಲಿಲ್ಲ. ಕೋವಿಯನ್ನು ಬಿಟ್ಟುಕೊಟ್ಟೆ. ಅಮ್ಮ ಒಂದು ವರ್ಷ ನನ್ನೊಡನೆ ಅಷ್ಟಕ್ಕಷ್ಟೆ.

ಕೊಡಗಿನವರಿಂದ ಕಲಿಯುವುದು

ಹಾಗಾದರೆ ಕೋವಿ ಇಟ್ಟುಕೊಂಡವರೆಲ್ಲ ತಪ್ಪುಮಾಡಿದರೆಂದು ನನ್ನ ಮಾತಲ್ಲ. ಕೊಡಗನ್ನು ನೋಡಿ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ ಇದೆ. 1963ರಲ್ಲಿ ಕೇಂದ್ರ ಸರಕಾರ ಕೊಟ್ಟ ಆ ವಿನಾಯಿತಿಯನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, 2029ರವರೆಗೆ ಮುಂದುವರಿಸಿದರು. ಕರ್ನಾಟಕದ ಹೈಕೋರ್ಟು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆ ವಿನಾಯಿತಿಯ ಹಿಂದೆ ಒಂದು ನಡವಳಿಕೆಯಿದೆ. ನಾಟಿ ಮುಗಿದ ಮೇಲೆ, ಸೆಪ್ಟೆಂಬರಿನ ಮೊದಲಿಗೆ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಮನೆಯ ಕೋವಿಗಳನ್ನೆಲ್ಲ ಒರಸಿ ಶುಚಿಮಾಡಿ, ಸಾಲಾಗಿ ಇಟ್ಟು, ಹೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಆ ಹೂವಿಗೆ ಅವರು ಇಟ್ಟ ಹೆಸರೇ ತೋಕ್ ಪೂ, ಕೋವಿಯ ಹೂ. ನಮ್ಮ ತಮಿಳುನಾಡಿನ ರಾಜ್ಯಪುಷ್ಪವಾದ ಕಾಂದಳ್ ಎಂಬುದೂ ಅದೇ ಹೂವು.

ಅಲ್ಲಿ ಪೂಜೆಯ ಹೆಸರಿನಲ್ಲಿ ವರ್ಷಕ್ಕೊಮ್ಮೆಯಾದರೂ ಕೋವಿ ಕೈಗೆ ಬರುತ್ತದೆ, ಹಿರಿಯರ ಎದುರಿನಲ್ಲಿ ಶುಚಿಯಾಗುತ್ತದೆ, ಕಿರಿಯರು ನೋಡಿ ಕಲಿಯುತ್ತಾರೆ. ನಮ್ಮಲ್ಲಿಯೂ ಆಯುಧಪೂಜೆ ಇದೆ. ಆದರೆ ನಾವು ನೇಗಿಲಿಗೆ, ಪಂಪಿಗೆ, ಬೈಕಿಗೆ ಮೇಲೆ ಮೇಲೆ ನೀರೆರೆದು ಕುಂಕುಮ ಹಚ್ಚಿ ಬೂದುಗುಂಬಳ ಒಡೆದು ಮುಗಿಸುತ್ತೇವೆ. ಒಳಗಿನ ಬೇರಿಂಗು ಸವೆದಿದೆಯೇ, ತಿರುಪು ಕಚ್ಚಿದೆಯೇ ಎಂದು ನೋಡುವವರಿಲ್ಲ. ಪೂಜೆಯ ಹಿಂದಿನ ದಿನ ಬಿಚ್ಚಿ ಒರಸಿ ಕೂಡಿಸಿದ ಯಂತ್ರಕ್ಕೆ ಹಚ್ಚಿದ ಕುಂಕುಮವೇ ಸಾರ್ಥಕ.

ಏನು ಮಾಡಬೇಕು?

ನನ್ನ ಅಭಿಪ್ರಾಯವನ್ನು ಚುಟುಕಾಗಿ ಹೇಳುತ್ತೇನೆ.

ಮೊದಲನೆಯದು: ಅಟ್ಟದಲ್ಲಿ ಕೋವಿ ಇರುವವರು ಅದನ್ನು ಬಿಚ್ಚಲು ಹೋಗಬೇಡಿ, ಕಾಯಿಸಬೇಡಿ, ಬಡಿಯಬೇಡಿ. ಪ್ರತಿಯೊಂದು ಹಳೆಯ ಕೋವಿಯಲ್ಲಿಯೂ ಮದ್ದು ಇದೆ ಎಂದೇ ತಿಳಿದು ನಡೆಯಿರಿ. ಇದ್ದ ಜಾಗದಲ್ಲೇ ಬಿಟ್ಟು ಠಾಣೆಗೆ ತಿಳಿಸಿ, ಅವರು ಹೇಳಿದಂತೆ ಒಪ್ಪಿಸಿ. ಹೆದರಿಕೆಯಿಂದ ಬಾವಿಗೆ ಎಸೆಯುವುದು, ಹೂಳುವುದು, ತುಂಡುಮಾಡುವುದು ಬೇಡ. ಊರಿನ ಕುಲುಮೆಯವರ ಮೇಲೂ ಭಾರ ಹಾಕಬೇಡಿ. ಕೋವಿ ರಿಪೇರಿಗೆ ಬೇರೆಯೇ ಪರವಾನಗಿ ಬೇಕೆಂದು ಅದೇ ಕಾಯ್ದೆಯ 5ನೆಯ ಕಲಮು ಹೇಳುತ್ತದೆ. ಸ್ನೇಹಕ್ಕೆ ಮಾಡಿಕೊಟ್ಟ ಆಚಾರಿ ಅಪರಾಧಿಯಾಗುತ್ತಾನೆ. ಯಾರ ಮನೆಯಲ್ಲಾದರೂ ಸೇನೆಯ .303 ಬಗೆಯದು ಇದ್ದರೆ ಇನ್ನೂ ಎಚ್ಚರ. ಅದು ನಿಷಿದ್ಧ ಬೋರು. ಸಾಮಾನ್ಯ ಪರವಾನಗಿಯಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ಮೇಲೆ ನಾನು ಬರೆದ ಕ್ರಮ ಅದನ್ನು ಮನೆಯಲ್ಲಿ ಬಿಚ್ಚಲೆಂದಲ್ಲ, ಬಲಪ್ರಯೋಗ ಹೇಗೆ ಕೆಡಿಸುತ್ತದೆಂದು ತಿಳಿಯಲೆಂದು.

ಎರಡನೆಯದು: ಅಧಿಕಾರಿಗಳಲ್ಲಿ ಒಂದು ವಿನಂತಿ. ಚುನಾವಣೆ ಬಂದಾಗ ಪರವಾನಗಿಯ ಕೋವಿಗಳನ್ನು ಠಾಣೆಗೆ ತರಿಸಿಕೊಳ್ಳುವ ಪದ್ಧತಿ ಇದೆಯಷ್ಟೆ. ಅದೇ ರೀತಿ ವರ್ಷಕ್ಕೊಮ್ಮೆ, ರಾಗಿ ತೆನೆಗೆ ಬರುವ ಮುನ್ನ, ತಾಲೂಕಿನಲ್ಲಿ ಒಂದು ದಿನ ಗೊತ್ತುಮಾಡಿ, ಬೆಳೆ ಕಾಯುವ ಕೋವಿಗಳನ್ನು ತಿಳಿದ ಆರ್ಮರರ್ ಒಬ್ಬರು ಪರೀಕ್ಷೆ ಮಾಡುವಂತಾಗಲಿ. ಕೆಟ್ಟದ್ದನ್ನು ಅಲ್ಲಿಯೇ ಹಿಂದಕ್ಕೆ ಪಡೆಯಲಿ. ಸತ್ತವರ ಹೆಸರಿನಲ್ಲಿರುವುದನ್ನು ಅಲ್ಲಿಯೇ ಬರೆದುಕೊಳ್ಳಲಿ. ತಡಮಾಡಿದ ಬಡ ರೈತ ಹೆದರದೆ ತಂದೊಪ್ಪಿಸುವಂತೆ ಒಂದು ಒಳ್ಳೆಯ ಮಾತು ಆಡಲಿ. ಹೆದರಿಕೆಯೇ ಕೋವಿಗಳನ್ನು ಅಟ್ಟದಲ್ಲಿ ಇಟ್ಟಿರುವುದು.

ಮೂರನೆಯದು, ನನ್ನ ವೃತ್ತಿಗೆ ಸೇರಿದ್ದು. ಶಾಲೆಯಲ್ಲಿ ಬಿಚ್ಚುವ ವಿದ್ಯೆ ಕಲಿಸಬೇಕು. ಕೋವಿಯದಲ್ಲ! ಕೆಟ್ಟುಹೋದ ಸೈಕಲಿನ ಪೆಡಲು, ಹಳೆಯ ಗಡಿಯಾರ, ಸಿಂಪಡಿಸುವ ಯಂತ್ರ, ಕೈಪಂಪು. ನಾನು ನಮ್ಮ ಏಳನೆಯ ತರಗತಿಯವರಿಗೆ ತಿಂಗಳಿಗೊಂದು ಶನಿವಾರ ಇದನ್ನು ಮಾಡಿಸುತ್ತೇನೆ. ಒಂದೇ ನಿಯಮ: ಮುಟ್ಟುವ ಮುನ್ನ, ಇದನ್ನು ಯಾವ ಕ್ರಮದಲ್ಲಿ ಕೂಡಿಸಿರಬಹುದು ಎಂದು ನೋಡಿ ಬರೆಯಬೇಕು. ಬರೆದದ್ದು ತಪ್ಪಾದರೂ ಚಿಂತೆಯಿಲ್ಲ, ಬರೆಯದೆ ಮುಟ್ಟಿದರೆ ಆ ದಿನ ಅವರ ಕೈಗೆ ಸ್ಪ್ಯಾನರ್ ಇಲ್ಲ. ಒಬ್ಬ ಹುಡುಗಿ ಸಿಂಪಡಿಸುವ ಯಂತ್ರವನ್ನು ಹತ್ತು ನಿಮಿಷ ಸುಮ್ಮನೆ ನೋಡಿ, "ಸಾರ್, ಈ ತಿರುಪು ಕೊನೆಗೆ ಬರಬೇಕು, ಇದನ್ನು ಅದು ಹಿಡಿದಿದೆ" ಎಂದಳು. ಅಷ್ಟು ಹೊತ್ತು ನೋಡುವ ತಾಳ್ಮೆ ಆ ವಯಸ್ಸಿನಲ್ಲಿ ನನಗಿರಲಿಲ್ಲ.

ಕೆಲವರು ಹೇಳುತ್ತಾರೆ: ಇದಕ್ಕೆಲ್ಲ ಕಾಲವೆಲ್ಲಿ ಮೇಷ್ಟ್ರೇ, ಕೆಟ್ಟರೆ ಹೊಸದು ತರುವುದು, ಇಲ್ಲವೆ ಹೊಸೂರಿನಲ್ಲಿ ಕೊಟ್ಟು ಬರುವುದು. ಹೊಸೂರಿನ ಕಾರ್ಖಾನೆಗಳು ನಮ್ಮ ಮಕ್ಕಳಿಗೆ ಕೆಲಸ ಕೊಟ್ಟಿವೆ, ಸಂತೋಷ. ಆದರೆ ಪೈರು ಒಣಗುವ ದಿನ ಪಂಪು ಕಚ್ಚಿಕೊಂಡರೆ ಹೊಸೂರು ದೂರ. ಕೈಗೆ ಬಂದ ಸುತ್ತಿಗೆಯಿಂದ ಬಡಿದು ಪಂಪಿನ ಮೈ ಒಡೆದುಕೊಂಡವರನ್ನು ನಾನು ಕಂಡಿದ್ದೇನೆ. ಎರಡು ಹನಿ ಎಣ್ಣೆ, ಒಂದು ರಾತ್ರಿಯ ತಾಳ್ಮೆ ಉಳಿಸಬಹುದಾಗಿದ್ದ ಹಣ ಅದು.

ಈಗ ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ, ಅಜ್ಜನ ಕೋವಿ ಇರುತ್ತಿದ್ದ ಜಾಗದಲ್ಲಿ ಪಂಪಿನ ಸ್ಪ್ಯಾನರ್‌ಗಳನ್ನೂ ಸ್ಕ್ರೂಡ್ರೈವರ್‌ಗಳನ್ನೂ ಬಾಯಿಯ ಅಳತೆಯಂತೆ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇಡುತ್ತೇವೆ. ಇಡುವವನು ಆ ದಿನ ಕೋವಿಯನ್ನು ಹೆಗಲಿಗೇರಿಸಿದ್ದ ಅಣ್ಣನ ಮಗನೇ. ಅಮ್ಮ ಮೊದಲ ವರ್ಷ ಮುಖ ತಿರುಗಿಸಿದ್ದರು. ಈಗ ತಾವೇ ಅವುಗಳಿಗೆ ಕುಂಕುಮ ಇಡುತ್ತಾರೆ.

ಓದುಗರೂ ಒಮ್ಮೆ ಅಟ್ಟ ನೋಡಿಕೊಳ್ಳಿರಿ. ನೋಡಿ ಬನ್ನಿ, ಆದರೆ ಏನನ್ನೂ ಇಳಿಸಬೇಡಿ.